ಸಿಟ್ರಿಜಿನ್ ಕೊಡುವ ಮೊದಲು ನಾನು ಕೇಳುವ ಐದು ಪ್ರಶ್ನೆ

ಆರ್.ಟಿ. ನಗರದ ನಮ್ಮ ಮೆಡಿಕಲ್ ಶಾಪಿಗೆ ಬರುವವರು ಡಾಕ್ಟರ ಚೀಟಿ ಇಲ್ಲದೆ ಹೆಸರು ಹಿಡಿದು ಕೇಳುವ ಮಾತ್ರೆಗಳು ಕೆಲವೇ. ಜ್ವರಕ್ಕೆ ಪ್ಯಾರಸಿಟಮಾಲ್, ಗ್ಯಾಸಿಗೆ ಒಂದು, ಸೀನು-ತುರಿಕೆಗೆ ಸಿಟ್ರಿಜಿನ್. ಸ್ಟ್ರಿಪ್ಪಿನ ಮೇಲೆ ಸೆಟಿರಿಜಿನ್ ಎಂದು ಅಚ್ಚಾಗಿದ್ದರೂ ಕೌಂಟರಿನಲ್ಲಿ ಅದು ಸಿಟ್ರಿಜಿನ್ನೇ. ವಯಸ್ಸಾದವರು ಅವಿಲ್ ಕೇಳುತ್ತಾರೆ. ಐಟಿ ಹುಡುಗರು ಮೊಬೈಲಿನಲ್ಲಿ ಹಳೆಯ ಸ್ಟ್ರಿಪ್ಪಿನ ಫೋಟೊ ತೋರಿಸುತ್ತಾರೆ. ಇನ್ನು ಕೆಲವರು ಹೆಸರೂ ಹೇಳುವುದಿಲ್ಲ. ಕೆಂಪಾದ ಮೂಗು ತೋರಿಸಿ, "ಮೇಡಂ, ಇದಕ್ಕೆ ಎರಡು ಕೊಡಿ" ಅನ್ನುತ್ತಾರೆ.

ಎರಡು ರೂಪಾಯಿ ಆಸುಪಾಸಿನ ಮಾತ್ರೆ. ಸೆಟಿರಿಜಿನ್ ನಮ್ಮ ದೇಶದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವುದರಿಂದ ಅದರ ಗರಿಷ್ಠ ಬೆಲೆಯನ್ನು ಸರ್ಕಾರವೇ ನಿಗದಿ ಮಾಡುತ್ತದೆ. ಅದು ಒಳ್ಳೆಯ ಔಷಧ, ಅದರಲ್ಲಿ ಅನುಮಾನವಿಲ್ಲ. ಆದರೆ ಅಗ್ಗವಾಗಿದೆ, ಪರಿಚಯವಾಗಿದೆ ಎನ್ನುವ ಕಾರಣಕ್ಕೇ ಅದನ್ನು ಯಾರೂ ಔಷಧ ಎಂದು ಲೆಕ್ಕಕ್ಕಿಡುವುದಿಲ್ಲ. ಹಾಗಾಗಿ ಸ್ಟ್ರಿಪ್ಪಿಗೆ ಕತ್ತರಿ ಹಾಕುವ ಮುಂಚೆ ನಾನು ಐದು ಪ್ರಶ್ನೆ ಕೇಳುತ್ತೇನೆ: ಏನಾಗ್ತಿದೆ? ಯಾರಿಗೆ? ತಗೊಂಡು ಎಲ್ಲಿಗೆ ಹೋಗ್ತೀರಿ? ಜೊತೆಗೆ ಇನ್ನೇನು ತಗೊಳ್ತಿದ್ದೀರಿ? ಎಷ್ಟು ದಿನದಿಂದ?

"ಎರಡು ರೂಪಾಯಿ ಮಾತ್ರೆಗೆ ಇಷ್ಟೊಂದು ವಿಚಾರಣೆನಾ ಮೇಡಂ?" ಎಂದು ಗಿರಾಕಿಗಳು ಸಿಡಿಮಿಡಿಗೊಳ್ಳುವುದುಂಟು. ಹಿಂದೆ ಸರತಿಯಲ್ಲಿ ನಾಲ್ಕು ಜನ ನಿಂತಿರುವಾಗ ವಿವರವಾಗಿ ಉತ್ತರಿಸಲು ಆಗುವುದಿಲ್ಲ. ಇಲ್ಲಿ ಆಗುತ್ತದೆ.

ಮಾತ್ರೆ ಒಳಗೆ ಹೋಗಿ ಮಾಡುವುದೇನು

ಹಿಸ್ಟಮಿನ್ ಎನ್ನುವುದು ಹೊರಗಿನಿಂದ ಬಂದ ವಿಷವಲ್ಲ, ನಮ್ಮ ಮೈಯೇ ತಯಾರಿಸಿಕೊಳ್ಳುವ ರಾಸಾಯನಿಕ. ಹೊಟ್ಟೆಯಲ್ಲಿ ಆಮ್ಲ ಒಸರಲು, ಮಿದುಳು ಎಚ್ಚರವಾಗಿರಲು ಅದು ಬೇಕೇ ಬೇಕು. ಚರ್ಮ, ಮೂಗು, ಶ್ವಾಸನಾಳಗಳ ಒಳಪದರದಲ್ಲಿ ಮಾಸ್ಟ್ ಕೋಶಗಳು ಅದನ್ನು ಕೂಡಿಟ್ಟುಕೊಂಡಿರುತ್ತವೆ. ಅಲರ್ಜಿ ಇರುವವರ ಮೈ ಒಂದು ಹೂವಿನ ಪರಾಗವನ್ನೋ ಹಾಸಿಗೆಯ ದೂಳುಹುಳದ ಹಿಕ್ಕೆಯನ್ನೋ ವೈರಿ ಎಂದು ಮೊದಲೇ ಗುರುತು ಹಾಕಿಕೊಂಡಿರುತ್ತದೆ. ಅದೇ ಕಣ ಮತ್ತೆ ಒಳಹೊಕ್ಕಾಗ ಮಾಸ್ಟ್ ಕೋಶಗಳು ಹಿಸ್ಟಮಿನ್ನನ್ನು ಒಮ್ಮೆಲೇ ಸುರಿಯುತ್ತವೆ. ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಹೊರಗೆ ಸೋರುತ್ತದೆ, ನರದ ತುದಿಗಳು ಕೆರಳುತ್ತವೆ. ಸಾಲು ಸೀನು, ಸುರಿಯುವ ಮೂಗು, ಕಣ್ಣಿನ ನವೆ, ಮೈಮೇಲೆ ಏಳುವ ಪಿತ್ತಗಂದೆ, ಇವೆಲ್ಲ ಅದರ ಫಲ.

ಹಿಸ್ಟಮಿನ್ ತನ್ನ ಕೆಲಸ ಮಾಡಬೇಕಾದರೆ ಜೀವಕೋಶಗಳ ಮೇಲಿನ ಎಚ್-1 ಎಂಬ ಗ್ರಾಹಕದಲ್ಲಿ ಹೋಗಿ ಕೂರಬೇಕು. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಊರಿನ ಬಸ್ಸು ಬಂದು ನಿಲ್ಲುತ್ತಿದ್ದಂತೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಸಿಟ್ರಿಜಿನ್‌ನಂಥ ಆಂಟಿಹಿಸ್ಟಮಿನ್ ಮಾತ್ರೆಯ ಕೆಲಸವೂ ಅಷ್ಟೇ. ಹಿಸ್ಟಮಿನ್ನನ್ನು ಅದು ನಾಶ ಮಾಡುವುದಿಲ್ಲ, ಕೂರಲು ಜಾಗ ಸಿಗದಂತೆ ಮಾಡುತ್ತದೆ. ಸೀಟುಗಳು ಭರ್ತಿಯಾದ ಮೇಲೆ ಟವೆಲ್ ಹಾಕಿ ಪ್ರಯೋಜನ ಕಡಿಮೆ. ಅದಕ್ಕೇ ಇಂಥದ್ದರಿಂದ ಸೀನು ಬರುತ್ತದೆ ಎಂದು ಗೊತ್ತಿದ್ದವರು, ಉದಾಹರಣೆಗೆ ನಾಳೆ ಅಟ್ಟದ ದೂಳು ಹೊಡೆಯಬೇಕಾದವರು, ಮುಂಚೆಯೇ ಮಾತ್ರೆ ತೆಗೆದುಕೊಂಡರೆ ಗುಣ ಹೆಚ್ಚು.

ಹಿಸ್ಟಮಿನ್ನನ್ನು ಹೀಗೆ ತಡೆಯಲು ಸಾಧ್ಯವೆಂದು ಮೊದಲು ತೋರಿಸಿದ್ದು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ, 1937ರಲ್ಲಿ. ಅವರ ಮೊದಲ ರಾಸಾಯನಿಕ ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿಯಾಗಿತ್ತು. ಜನ ಬಳಸಬಹುದಾದ ಮಾತ್ರೆಗಳು 1940ರ ದಶಕದಲ್ಲಿ ಬಂದವು. ಬೊವೆಗೆ 1957ರಲ್ಲಿ ನೊಬೆಲ್ ಬಂತು. ನಲವತ್ತರ ದಶಕದ ಆ ಮಾತ್ರೆಗಳನ್ನು ನಾವು ಇವತ್ತಿಗೂ ಮಾರುತ್ತಿದ್ದೇವೆ. ಅವಿಲ್ ಎಂದು ಕೇಳುವ ಫೆನಿರಮಿನ್, ನೆಗಡಿ ಮಾತ್ರೆಗಳೊಳಗಿನ ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಪ್ರೊಮೆಥಜಿನ್ ಎಲ್ಲ ಆ ಹಳೆಯ ತಲೆಮಾರಿನವು. ಸೆಟಿರಿಜಿನ್, ಲಿವೊಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಹೊಸ ತಲೆಮಾರು. ಈ ಎರಡರ ವ್ಯತ್ಯಾಸ ಗೊತ್ತಾದರೆ ಅರ್ಧ ಅಪಾಯ ಕಳೆದ ಹಾಗೆ.

ಒಂದು: ಏನಾಗ್ತಿದೆ?

ಸೀನು, ನೀರಾಗಿ ಸುರಿಯುವ ಮೂಗು, ಮೂಗು-ಕಣ್ಣು-ಗಂಟಲಿನ ನವೆ, ಗಂದೆ: ಇವಕ್ಕೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೂಗು ಕಟ್ಟಿಕೊಂಡಿದ್ದರೆ ಅಷ್ಟಾಗಿ ಮಾಡುವುದಿಲ್ಲ. ವೈರಸ್ಸಿನಿಂದ ಬಂದ ಮಾಮೂಲಿ ನೆಗಡಿ-ಜ್ವರದಲ್ಲಿ ಪ್ರಯೋಜನ ತೀರಾ ಕಡಿಮೆ. ಎದೆಯಲ್ಲಿ ಸುಯ್ಯೆನ್ನುವ ಉಬ್ಬಸಕ್ಕೆ ಅದು ಮದ್ದೇ ಅಲ್ಲ, ಅವರಿಗೆ ಇನ್‌ಹೇಲರ್ ಬೇಕು.

ನಮ್ಮ ಉತ್ತರ ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕವಿದೆ. ಹೆಬ್ಬಾಳ, ಜಕ್ಕೂರು, ಯಲಹಂಕದ ಖಾಲಿ ಸೈಟುಗಳಲ್ಲಿ, ರೈಲು ಹಳಿಯ ಬದಿಯಲ್ಲಿ ಮಳೆ ಬಿದ್ದ ಮೇಲೆ ಬೆಳ್ಳಗೆ ಹೂ ಬಿಟ್ಟು ನಿಲ್ಲುವ ಕಾಂಗ್ರೆಸ್ ಗಿಡವನ್ನು, ಅಂದರೆ ಪಾರ್ಥೇನಿಯಂ ಕಳೆಯನ್ನು ನೋಡಿರುತ್ತೀರಿ. ಅಮೆರಿಕ ಖಂಡದಿಂದ ಬಂದ ಈ ಕಳೆಯನ್ನು ಭಾರತದಲ್ಲಿ ಗುರುತಿಸಿದ್ದು 1950ರ ದಶಕದ ಮಧ್ಯದಲ್ಲಿ, ಪುಣೆಯಲ್ಲಿ. ಬೆಂಗಳೂರನ್ನು ಅದು ಎಷ್ಟು ಆವರಿಸಿತೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1983ರಲ್ಲಿ ಮೆಕ್ಸಿಕೊದಿಂದ ಅದರ ಎಲೆ ತಿನ್ನುವ ಜೀರುಂಡೆಯನ್ನೇ ತರಿಸಬೇಕಾಯಿತು. ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪಿ.ವಿ. ಸುಬ್ಬರಾವ್ ಅವರ ತಂಡ ಈ ಗಿಡದ ಪರಾಗದ ಬೆನ್ನುಬಿದ್ದಿತ್ತು. 1991ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಪರೀಕ್ಷಿಸಿದ ಮೂಗಿನ ಅಲರ್ಜಿಯ ರೋಗಿಗಳಲ್ಲಿ ಶೇ 34 ಮಂದಿಯ ಚರ್ಮ ಪಾರ್ಥೇನಿಯಂ ಪರಾಗಕ್ಕೆ ಪ್ರತಿಕ್ರಿಯಿಸಿತ್ತು. ಆಸ್ತಮಾ ರೋಗಿಗಳಲ್ಲಿ ಶೇ 12.

ಇದೇ ಗಿಡ ಇನ್ನೊಂದು ರೋಗವನ್ನೂ ತರುತ್ತದೆ. ಬರಿಗೈಯಲ್ಲಿ ಕಿತ್ತವರಿಗೆ, ಹೊಲ-ತೋಟದಲ್ಲಿ ದುಡಿಯುವವರಿಗೆ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಚರ್ಮ ದಪ್ಪಗಾಗಿ, ಕಪ್ಪಾಗಿ, ಸೀಳಿ, ತಡೆಯಲಾಗದ ತುರಿಕೆ ಹತ್ತುತ್ತದೆ. ಇದು ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕದಿಂದ ನಿಧಾನವಾಗಿ ಏಳುವ ಅಲರ್ಜಿ. ಇಲ್ಲಿ ಮುಖ್ಯ ಕೈವಾಡ ಹಿಸ್ಟಮಿನ್ನಿನದಲ್ಲ, ರಕ್ತದ ಬಿಳಿ ಕಣಗಳದು. ಪರಾಗದ ಸೀನು ನಿಲ್ಲಿಸುವ ಅದೇ ಸಿಟ್ರಿಜಿನ್ ಈ ಚರ್ಮರೋಗವನ್ನು ವಾಸಿ ಮಾಡುವುದಿಲ್ಲ. ಒಂದೇ ಗಿಡ, ಎರಡು ರೋಗ. ಮಾತ್ರೆ ಹಿಡಿಯುವುದು ಒಂದಕ್ಕೆ. ಇಂಥವರು ಬಂದರೆ ನಾನು ಚರ್ಮರೋಗ ತಜ್ಞರ ಹತ್ತಿರ ಕಳಿಸುತ್ತೇನೆ.

ಯಶವಂತಪುರ ಎಪಿಎಂಸಿ ಯಾರ್ಡಿನಿಂದ ಬರುವ ಹಮಾಲಿ ಅಣ್ಣಂದಿರ ಕತೆ ಬೇರೆ. ಒಣಮೆಣಸಿನಕಾಯಿ ಮೂಟೆ ಹೊತ್ತ ದಿನ ಕಣ್ಣು ಮೂಗು ಎರಡೂ ಉರಿಯುತ್ತವೆ. ಅದು ಅಲರ್ಜಿಯಲ್ಲ, ಮೆಣಸಿನ ಖಾರ ನೇರವಾಗಿ ನರಗಳನ್ನೇ ಕೆರಳಿಸುತ್ತದೆ. ಹೆಬ್ಬಾಳದ ಸುತ್ತ ಮೆಟ್ರೊ ಕಾಮಗಾರಿಯ ಸಿಮೆಂಟ್ ದೂಳು, ಲಾರಿಯ ಹೊಗೆ ಕೂಡ ಬಹುಪಾಲು ಉರಿ ತರಿಸುವಂಥವು. ಅಲ್ಲಿ ಮಾಸ್ಕು, ಮನೆಗೆ ಬಂದ ಮೇಲೆ ಮುಖ-ಮೂಗು ತೊಳೆಯುವುದು ಮಾತ್ರೆಗಿಂತ ಮೇಲು.

ಇನ್ನೊಂದು ಮಾತು. ಬೇಸಿಗೆ ಹೊಸ್ತಿಲಲ್ಲಿ ರಸ್ತೆಯುದ್ದಕ್ಕೂ ಗುಲಾಬಿ ಬಣ್ಣದ ಟಬೂಬಿಯಾ ಅರಳಿದಾಗ ಎಲ್ಲರೂ ಆ ಮರಕ್ಕೇ ಬೈಯುತ್ತಾರೆ. ಅಷ್ಟು ಅಂದವಾಗಿ ಅರಳುವ ಹೂ ಕೀಟಗಳನ್ನು ಕರೆಯಲು ಅರಳುವುದು. ಅದರ ಪರಾಗ ಭಾರ, ಗಾಳಿಯಲ್ಲಿ ದೂರ ಹೋಗುವುದಿಲ್ಲ. ಸೀನು ತರಿಸುವುದು ಹೆಚ್ಚಾಗಿ ಕಣ್ಣಿಗೇ ಬೀಳದ ಹುಲ್ಲು, ಕಳೆ, ಸರ್ವೆ ಮರಗಳ ಹಗುರ ಪರಾಗ. ವರ್ಷವಿಡೀ ಬೆಳಗ್ಗೆ ಎದ್ದ ಕೂಡಲೇ ಸೀನುವವರು ಹೊರಗಿನ ಮರ ಬಿಟ್ಟು ಒಳಗಿನ ಹಾಸಿಗೆ-ದಿಂಬು ನೋಡಿಕೊಳ್ಳುವುದು ಒಳ್ಳೆಯದು. ದೂಳುಹುಳಗಳ ಮನೆ ಅದು. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದರೆ ಕೆಲವರಿಗೆ ಮಾತ್ರೆಯ ಗೊಡವೆಯೇ ಕಡಿಮೆಯಾಗುತ್ತದೆ.

ಎರಡು: ಯಾರಿಗೆ?

"ಮಗುಗೆ ಮೇಡಂ, ನಮ್ಮ ಮಾತ್ರೇನೇ ಅರ್ಧ ಮಾಡಿ ಕೊಡಲಾ?" ಬೇಡ. ಮಕ್ಕಳಿಗೆ ಪ್ರಮಾಣ ವಯಸ್ಸು-ತೂಕದ ಮೇಲೆ ಹೋಗುತ್ತದೆ, ಅದನ್ನು ಮಕ್ಕಳ ಡಾಕ್ಟರೇ ಹೇಳಬೇಕು. ಸಿರಪ್ ಕೊಟ್ಟರೆ ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳದಲ್ಲೇ ಕೊಡಿ. ಅಡುಗೆಮನೆ ಚಮಚಗಳು ಒಂದೊಂದು ಒಂದೊಂದು ಗಾತ್ರ. ಊರಿಗೆ ಹೋಗುವಾಗ ಬಸ್ಸಿನಲ್ಲಿ ಮಗು ಹಟ ಮಾಡದೆ ಮಲಗಲಿ ಎಂದು ಹಳೆಯ ತಲೆಮಾರಿನ ಸಿರಪ್ ಕುಡಿಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಪ್ರೊಮೆಥಜಿನ್ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟವನ್ನೇ ಕುಗ್ಗಿಸಬಲ್ಲದು. ಇನ್ನು ಕೆಲವು ಮಕ್ಕಳಲ್ಲಿ ಈ ಹಳೆಯ ಔಷಧಗಳು ನಿದ್ದೆಯ ಬದಲು ಚಡಪಡಿಕೆ, ಅಳು ಹೆಚ್ಚಿಸುತ್ತವೆ.

ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಜೋಡಿಯ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು, ಹಾಗೆಂದು ಲೇಬಲ್ಲಿನಲ್ಲೇ ಬರೆಯಬೇಕು ಎಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ಸತ್ತ ಸುದ್ದಿ ಓದಿದ್ದೀರಿ. ಅಲ್ಲಿ ಕೊಂದದ್ದು ಸಿರಪ್ಪಿಗೆ ಸೇರಿದ್ದ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ, ಆಂಟಿಹಿಸ್ಟಮಿನ್ ಅಲ್ಲ. ಆದರೆ ಆ ಪುಟ್ಟ ಮಕ್ಕಳಿಗೆ ಅಂಥ ಸಿರಪ್ ಬೇಕಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿ ಸಿರಪ್ ಕೊಡಬಾರದು, ಐದರೊಳಗೂ ಸಾಮಾನ್ಯವಾಗಿ ಬೇಡ ಎಂದು ಆ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಸೇವಾ ಮಹಾನಿರ್ದೇಶನಾಲಯ ಸೂಚನೆ ಹೊರಡಿಸಿತು.

ಇನ್ನು ಹಿರಿಯರು. ಗಂಗಾನಗರದ ಒಬ್ಬ ನಿವೃತ್ತ ಮೇಷ್ಟ್ರು ಪ್ರಾಸ್ಟೇಟ್ ದೊಡ್ಡದಾಗಿದ್ದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮೈ ಕೆರೆತಕ್ಕೆ ಬೇರೆ ಕಡೆಯಿಂದ ಅವಿಲ್ ತರಿಸಿ ಹಗಲು-ರಾತ್ರಿ ನುಂಗಿದರು. ಮೂತ್ರ ಕಟ್ಟಿಕೊಂಡು ರಾತ್ರೋರಾತ್ರಿ ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿಸಬೇಕಾಯಿತು. ಹಳೆಯ ತಲೆಮಾರಿನ ಔಷಧಗಳು ಹಿಸ್ಟಮಿನ್ ಜೊತೆಗೆ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕಕ್ಕೂ ಅಡ್ಡಗಾಲು ಹಾಕುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಕೆಲವು ಬಗೆಯ ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡ ಏರುವುದು, ವಯಸ್ಸಾದವರಲ್ಲಿ ತಬ್ಬಿಬ್ಬು, ರಾತ್ರಿ ಬಚ್ಚಲಿಗೆ ಏಳುವಾಗ ಬೀಳುವುದು, ಎಲ್ಲ ಅದರಿಂದ. ಅರವತ್ತೈದು ದಾಟಿದವರಿಗೆ ಈ ಗುಂಪು ಬೇಡವೆಂದೇ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ.

ಹೊಸವು ಹಿರಿಯರಿಗೆ ವಾಸಿ, ಆದರೆ ಕಿಡ್ನಿ ವಿಷಯ ಹೇಳಬೇಕು. ಸೆಟಿರಿಜಿನ್, ಲಿವೊಸೆಟಿರಿಜಿನ್ ಮೈಯಿಂದ ಹೊರಹೋಗುವುದೇ ಬಹುಪಾಲು ಕಿಡ್ನಿಯ ಮೂಲಕ. ಶುಗರಿನಿಂದ ಕಿಡ್ನಿ ಸೊರಗಿದವರಲ್ಲಿ ಔಷಧ ಒಳಗೇ ಉಳಿದು ಮಂಪರು ಹೆಚ್ಚುತ್ತದೆ, ಡೋಸ್ ತಗ್ಗಿಸಬೇಕಾಗುತ್ತದೆ. ಕ್ರಿಯಾಟಿನಿನ್ ರಿಪೋರ್ಟ್ ಇದ್ದರೆ ಡಾಕ್ಟರಿಗೆ ತೋರಿಸಿ. ಬಸುರಿಯರು, ಹಾಲೂಡಿಸುವ ತಾಯಂದಿರು ಕೌಂಟರಿನಲ್ಲೇ ತೀರ್ಮಾನ ಮಾಡುವುದು ಬೇಡ. ಹಳೆಯ ಮಾತ್ರೆಗಳು ಹಾಲಿನಲ್ಲಿ ಸೇರಿ ಕೂಸಿಗೂ ಜೊಂಪು ಹತ್ತಿಸಬಹುದು.

ಮೂರು: ತಗೊಂಡು ಎಲ್ಲಿಗೆ ಹೋಗ್ತೀರಿ?

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಏರ್‌ಪೋರ್ಟ್ ಟ್ಯಾಕ್ಸಿಯ ಒಬ್ಬ ಹುಡುಗ ಬರುತ್ತಾನೆ. "ಅಕ್ಕ, ಸೀನಿ ಸೀನಿ ಸಾಕಾಯ್ತು, ಒಂದು ಅವಿಲ್ ಕೊಡಿ."

"ರಾತ್ರಿ ಡ್ಯೂಟಿ ಇದೆಯೇನಪ್ಪ?"

"ಮೂರು ಗಂಟೆಗೆ ಪಿಕಪ್ ಅಕ್ಕ, ಯಲಹಂಕದಿಂದ."

ಹೆಬ್ಬಾಳ ಮೇಲ್ಸೇತುವೆ ಇಳಿದ ಮೇಲೆ ಆ ಹೊತ್ತಿನಲ್ಲಿ ಬಳ್ಳಾರಿ ರಸ್ತೆ ಖಾಲಿ ಇರುತ್ತದೆ, ಗಾಡಿಗಳು ಹಾರುತ್ತವೆ. ಅಲ್ಲಿ ಒಂದು ಕ್ಷಣದ ತೂಕಡಿಕೆ ಸಾಕು. ಹಿಸ್ಟಮಿನ್ ಮಿದುಳನ್ನು ಎಚ್ಚರವಾಗಿಡುತ್ತದೆ ಎಂದೆನಲ್ಲ. ಹಳೆಯ ತಲೆಮಾರಿನ ಔಷಧಗಳು ರಕ್ತದಿಂದ ಮಿದುಳಿಗೆ ಸಲೀಸಾಗಿ ದಾಟಿ ಆ ಎಚ್ಚರವನ್ನೇ ಅಡಗಿಸುತ್ತವೆ. ಹೊಸ ತಲೆಮಾರಿನವು ಅಷ್ಟಾಗಿ ದಾಟುವುದಿಲ್ಲ.

ಅಮೆರಿಕದ ಅಯೋವಾದಲ್ಲಿ ಇದನ್ನು ಪರೀಕ್ಷಿಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಅಲರ್ಜಿ ಇದ್ದ 40 ಚಾಲಕರನ್ನು ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಕೂರಿಸಿ ಬೇರೆ ಬೇರೆ ದಿನ ಡೈಫೆನ್‌ಹೈಡ್ರಮಿನ್, ಫೆಕ್ಸೊಫೆನಡಿನ್, ಮದ್ಯ ಮತ್ತು ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟರು. ಮದ್ಯದ ಪ್ರಮಾಣ 100 ಮಿಲಿ ರಕ್ತದಲ್ಲಿ ಸುಮಾರು 100 ಮಿಗ್ರಾಂ ಆಗುವಷ್ಟು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿಗ್ರಾಂ. ಎಲ್ಲಕ್ಕಿಂತ ಕೆಟ್ಟದಾಗಿ ಅವರು ಗಾಡಿ ಓಡಿಸಿದ್ದು ಕುಡಿದ ದಿನವಲ್ಲ, ಡೈಫೆನ್‌ಹೈಡ್ರಮಿನ್ ನುಂಗಿದ ದಿನ. ಫೆಕ್ಸೊಫೆನಡಿನ್ ತೆಗೆದುಕೊಂಡ ದಿನ ಹುಸಿ ಮಾತ್ರೆಯ ದಿನದಷ್ಟೇ ಚೆನ್ನಾಗಿ ಓಡಿಸಿದರು. ಇನ್ನೂ ಮುಖ್ಯವಾದದ್ದು, ತಮಗೆ ನಿದ್ದೆ ಬರುತ್ತಿದೆಯೋ ಇಲ್ಲವೋ ಎಂಬ ಚಾಲಕರ ಸ್ವಂತ ಅಂದಾಜು ನಂಬುವಂತಿರಲಿಲ್ಲ. "ನನಗೇನೂ ಆಗಲ್ಲ ಅಕ್ಕ, ಅಭ್ಯಾಸ ಇದೆ" ಎನ್ನುವವರಿಗೆ ನಾನು ಹೇಳುವ ಉತ್ತರ ಇದು. ಕಾಯ್ದೆಯ 185ನೇ ಸೆಕ್ಷನ್ನು ಮದ್ಯಕ್ಕಷ್ಟೇ ಅಲ್ಲ, ಗಾಡಿ ಹಿಡಿತಕ್ಕೆ ಸಿಗದಷ್ಟು ಔಷಧದ ಅಮಲಿನಲ್ಲಿರುವವರಿಗೂ ಅನ್ವಯಿಸುತ್ತದೆ.

ರಾತ್ರಿ ನುಂಗಿ ಮಲಗಿದರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಹಳೆಯ ಮಾತ್ರೆಗಳ ಮಂದತೆ ಮಾರನೆಯ ಬೆಳಗ್ಗೆಯವರೆಗೂ ಉಳಿಯಬಹುದು. ಹೊಸತರಲ್ಲೂ ಎಲ್ಲ ಒಂದೇ ಅಲ್ಲ. ಸೆಟಿರಿಜಿನ್ ಕೆಲವರಿಗೆ ನಿದ್ದೆ ತರಿಸುತ್ತದೆ, ಲಿವೊಸೆಟಿರಿಜಿನ್ನೂ ಅಷ್ಟೆ, ಲೊರಾಟಡಿನ್ ಕಡಿಮೆ, ಫೆಕ್ಸೊಫೆನಡಿನ್ ತೀರಾ ಕಡಿಮೆ. ಗಾಡಿ ಓಡಿಸುವವರು, ಪೀಣ್ಯದಲ್ಲಿ ಮಷೀನಿನ ಮುಂದೆ ನಿಲ್ಲುವವರು, ಪರೀಕ್ಷೆ ಬರೆಯುವ ಮಕ್ಕಳು ಈ ವ್ಯತ್ಯಾಸವನ್ನು ಡಾಕ್ಟರ ಹತ್ತಿರ ಕೇಳಿ ತಿಳಿದುಕೊಳ್ಳಬೇಕು. ಯಾವುದೇ ಹೊಸ ಮಾತ್ರೆಯನ್ನು ಮೊದಲ ಸಲ ತೆಗೆದುಕೊಳ್ಳುವುದು ಮನೆಯಲ್ಲೇ ಇರುವ ದಿನವಾಗಿರಲಿ.

ನಾಲ್ಕು: ಜೊತೆಗೆ ಇನ್ನೇನು?

ಈ ಪ್ರಶ್ನೆಗೆ ಹೆಚ್ಚಿನವರ ಉತ್ತರ "ಏನಿಲ್ಲ". ಚೀಲ ತೆಗೆಸಿ ನೋಡಿದರೆ ಇರುತ್ತದೆ. ಒಬ್ಬ ಹೆಂಗಸು ಹೀಗೇ ಚೀಲ ಸುರಿದರು. ಡಾಕ್ಟರು ಬರೆದುಕೊಟ್ಟ ಲಿವೊಸೆಟಿರಿಜಿನ್, ಆಫೀಸಿನ ಗೆಳತಿ ಕೊಟ್ಟ ನೆಗಡಿ ಮಾತ್ರೆ, ಮನೆಯಲ್ಲೇ ಇದ್ದ ಕೆಮ್ಮಿನ ಸಿರಪ್. ಮೂರರ ಹಿಂಬದಿಯ ಸಣ್ಣ ಅಕ್ಷರ ಓದಿ ತೋರಿಸಿದೆ. ಒಂದರಲ್ಲಿ ಲಿವೊಸೆಟಿರಿಜಿನ್, ಒಂದರಲ್ಲಿ ಕ್ಲೋರ್‌ಫೆನಿರಮಿನ್, ಒಂದರಲ್ಲಿ ಡೈಫೆನ್‌ಹೈಡ್ರಮಿನ್. ಹೆಸರು ಮೂರು, ಬಣ್ಣ ಮೂರು, ಮೂರೂ ಆಂಟಿಹಿಸ್ಟಮಿನ್. ಎರಡು ದಿನದಿಂದ ತಲೆ ಎತ್ತಲಾಗದೆ ಮಲಗಿದ್ದಕ್ಕೆ ಅವರು ಬಿಪಿಯನ್ನು ದೂರುತ್ತಿದ್ದರು.

ನೆಗಡಿ ಮಾತ್ರೆ ಎಂದು ಮಾರಾಟವಾಗುವವು ಬಹುತೇಕ ಮೂರು ಔಷಧಗಳ ಮಿಶ್ರಣ: ಒಂದು ಆಂಟಿಹಿಸ್ಟಮಿನ್, ಪ್ಯಾರಸಿಟಮಾಲ್, ಕಟ್ಟಿದ ಮೂಗು ಬಿಡಿಸಲೆಂದು ಫಿನೈಲ್‌ಎಫ್ರಿನ್. ಇದರ ಮೇಲೆ ಜ್ವರಕ್ಕೆಂದು ಬೇರೆ ಪ್ಯಾರಸಿಟಮಾಲ್ ನುಂಗಿದರೆ ಪ್ರಮಾಣ ಮೀರಿ ಲಿವರಿಗೆ ಪೆಟ್ಟು ಬೀಳಬಹುದು. ಫಿನೈಲ್‌ಎಫ್ರಿನ್ ಬಿಪಿ ಇದ್ದವರಿಗೆ ಒಳ್ಳೆಯದಲ್ಲ. ಬಾಯಿಯಿಂದ ತೆಗೆದುಕೊಂಡಾಗ ಅದು ಮೂಗು ಬಿಡಿಸುವುದೇ ಇಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ 2023ರಲ್ಲಿ ತೀರ್ಮಾನಿಸಿತು.

ಆಂಟಿಹಿಸ್ಟಮಿನ್ ಜೊತೆ ಮೊಂಟೆಲುಕಾಸ್ಟ್ ಎಂಬ ಇನ್ನೊಂದು ಅಲರ್ಜಿ ಔಷಧ ಸೇರಿದ ಜೋಡಿ ಮಾತ್ರೆಯನ್ನು ಒಮ್ಮೆ ಡಾಕ್ಟರು ಬರೆದದ್ದೇ ನೆಪವಾಗಿ ವರ್ಷಗಟ್ಟಲೆ ಕೇಳುವವರಿದ್ದಾರೆ. ಕೆಲವರಲ್ಲಿ ಮೊಂಟೆಲುಕಾಸ್ಟ್ ಕೆಟ್ಟ ಕನಸು, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆಯವರೆಗೆ ತರಬಹುದೆಂದು 2020ರಲ್ಲಿ ಎಫ್‌ಡಿಎ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿತು. ಸಣ್ಣಪುಟ್ಟ ಮೂಗಿನ ಅಲರ್ಜಿಗೆ ಅದನ್ನು ಮೊದಲ ಆಯ್ಕೆ ಮಾಡಬೇಡಿ ಎಂದೂ ಹೇಳಿತು. "ತುರಿಕೆಗೆ ಆ ಸಣ್ಣ ಬಿಳಿ ಮಾತ್ರೆ" ಎಂದು ಕೆಲವರು ಕೇಳುವ ಬೆಟ್ನೆಸಾಲ್ ಆಂಟಿಹಿಸ್ಟಮಿನ್ನೇ ಅಲ್ಲ, ಸ್ಟೀರಾಯ್ಡ್. ಇವೆರಡನ್ನೂ ಚೀಟಿ ಇಲ್ಲದೆ ನಾನು ಕೊಡುವುದಿಲ್ಲ.

ಮದ್ಯ, ನಿದ್ದೆ ಮಾತ್ರೆ, ಮನೋರೋಗದ ಕೆಲವು ಮಾತ್ರೆಗಳ ಜೊತೆ ಸೇರಿದರೆ ಮಂಪರು ದುಪ್ಪಟ್ಟು. ಫೆಕ್ಸೊಫೆನಡಿನ್ನನ್ನು ಕಿತ್ತಳೆ, ಸೇಬಿನ ಜ್ಯೂಸಿನಲ್ಲಿ ನುಂಗಬೇಡಿ, ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಅಲ್ಯೂಮಿನಿಯಂ-ಮೆಗ್ನೀಷಿಯಂ ಇರುವ ಗ್ಯಾಸಿನ ಔಷಧದ ಜೊತೆಗೂ ಹಾಗೆಯೇ. ನೀರೇ ಸಾಕು. ಬಿಲಾಸ್ಟಿನ್ ಆದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ.

ಐದು: ಎಷ್ಟು ದಿನದಿಂದ?

ಸೆಟಿರಿಜಿನ್ 10 ಮಿಗ್ರಾಂ, ಲಿವೊಸೆಟಿರಿಜಿನ್ 5 ಮಿಗ್ರಾಂ, ಲೊರಾಟಡಿನ್ 10 ಮಿಗ್ರಾಂ: ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ ಒಂದೇ ಸಾಕು. ಕೆಲಸ ಶುರುವಾಗಲು ಗಂಟೆ ಬೇಕು, ಪರಿಣಾಮ ಒಂದು ದಿನ ಇರುತ್ತದೆ. ಅರ್ಧ ಗಂಟೆಗೆ ಸೀನು ನಿಲ್ಲಲಿಲ್ಲ ಎಂದು ಇನ್ನೊಂದು ನುಂಗುವುದರಲ್ಲಿ ಅರ್ಥವಿಲ್ಲ. ವಾರಗಟ್ಟಲೆ ಬಿಡದ ಗಂದೆಗೆ ತಜ್ಞರು ಕೆಲವೊಮ್ಮೆ ಹೊಸ ತಲೆಮಾರಿನ ಮಾತ್ರೆಯ ಡೋಸ್ ಹೆಚ್ಚಿಸುತ್ತಾರೆ. ಅದು ಅವರು ನೋಡಿಕೊಂಡು ಮಾಡುವ ಚಿಕಿತ್ಸೆ, ಪಕ್ಕದ ಮನೆಯವರು ಅನುಕರಿಸುವಂಥದ್ದಲ್ಲ.

ವಾರ ಕಳೆದರೂ ಮಾತ್ರೆ ಬೇಕೇ ಬೇಕು ಅನ್ನಿಸಿದರೆ ಡಾಕ್ಟರನ್ನು ನೋಡಿ. ಮೂಗು ಕಟ್ಟುವುದೇ ಮುಖ್ಯ ತೊಂದರೆಯಾದರೆ ಅವರು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ ಮಾತ್ರೆಗಿಂತ ಚೆನ್ನಾಗಿ ಹಿಡಿಯುತ್ತದೆ. ಮೂಗಿನೊಳಗೆ ಮಾತ್ರ ಕೆಲಸ ಮಾಡುವ ಸಣ್ಣ ಪ್ರಮಾಣ ಅದು, ಹೆಸರು ಕೇಳಿ ಹೆದರಬೇಕಿಲ್ಲ. ದಿನಾ ಹಾಕಬೇಕು, ಪೂರ್ತಿ ಗುಣ ಕಾಣಲು ಕೆಲವು ದಿನ ತಾಳಬೇಕು. ಕ್ಷಣದಲ್ಲಿ ಮೂಗು ಬಿಡಿಸುವ ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ಹನಿಗಳೇ ಹೆಚ್ಚು ಹೆದರಬೇಕಾದವು: ಐದು ದಿನ ದಾಟಿದರೆ ಅವೇ ಮೂಗು ಕಟ್ಟಿಸುತ್ತವೆ.

ತಿಂಗಳುಗಟ್ಟಲೆ ಸೆಟಿರಿಜಿನ್ ಅಥವಾ ಲಿವೊಸೆಟಿರಿಜಿನ್ ದಿನಾ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದ ಕೆಲವರಿಗೆ ಕೆಲವೇ ದಿನಗಳಲ್ಲಿ ಮೈಯೆಲ್ಲ ತೀವ್ರ ತುರಿಕೆ ಬರುತ್ತದೆ ಎಂದು ಎಫ್‌ಡಿಎ 2025ರ ಮೇ ತಿಂಗಳಲ್ಲಿ ಎಚ್ಚರಿಸಿತು. ಜಗತ್ತಿನಾದ್ಯಂತ ಅದು ಗುರುತಿಸಿದ ಪ್ರಕರಣ 209; ಅಪರೂಪವೇ. ಆದರೆ ಹೀಗಾದವರು ಅಲರ್ಜಿ ಮರುಕಳಿಸಿತೆಂದುಕೊಂಡು ಮತ್ತೆ ಮಾತ್ರೆಗೆ ಅಂಟಿಕೊಳ್ಳುತ್ತಾರೆ. ಡಾಕ್ಟರಿಗೆ ಹೇಳಿದರೆ ನಿಧಾನವಾಗಿ ಬಿಡಿಸುತ್ತಾರೆ. ಹಾಗೆಯೇ ಯಾವುದರ ಅಲರ್ಜಿ ಎಂದು ತಿಳಿಯಲು ಚರ್ಮದ ಪರೀಕ್ಷೆಗೆ ಹೋಗುವವರು ಕೆಲವು ದಿನ ಮೊದಲೇ ಈ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಪರೀಕ್ಷೆಯ ಫಲಿತಾಂಶವೇ ತಪ್ಪಾಗುತ್ತದೆ. ಎಷ್ಟು ದಿನ ಎಂದು ಪರೀಕ್ಷೆ ಮಾಡುವವರನ್ನೇ ಕೇಳಿ.

ಪ್ರಶ್ನೆ ಕೇಳಲು ಸಮಯವಿಲ್ಲದಾಗ

ಜೇನು ಕಚ್ಚಿದ ಮೇಲೋ ಶೇಂಗಾ ತಿಂದ ಮೇಲೋ ಯಾವುದೋ ಔಷಧ ನುಂಗಿದ ಮೇಲೋ ತುಟಿ-ನಾಲಿಗೆ ಊದಿಕೊಂಡು, ಧ್ವನಿ ಗೊಗ್ಗರಾಗಿ, ಉಸಿರು ಸಿಕ್ಕಿ, ತಲೆ ಸುತ್ತಿ, ಮೈ ತಣ್ಣಗಾದರೆ ಅದು ಅನಾಫಿಲಾಕ್ಸಿಸ್. ಮೈಮೇಲೆ ಗಂದೆ ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲಿ ಸಿಟ್ರಿಜಿನ್ ಜೀವ ಉಳಿಸುವುದಿಲ್ಲ. ಮಾತ್ರೆ ಗಂಟೆ ತೆಗೆದುಕೊಳ್ಳುತ್ತದೆ, ಉಸಿರುದಾರಿ ನಿಮಿಷಗಳಲ್ಲಿ ಮುಚ್ಚುತ್ತದೆ. ಕುಸಿದ ಬಿಪಿಯನ್ನು ಆಂಟಿಹಿಸ್ಟಮಿನ್ ಎತ್ತಲಾರದು. ಬೇಕಾದದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ತಾವೇ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ನು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ರೋಗಿಯನ್ನು ಮಲಗಿಸಿ, ಕಾಲು ಎತ್ತರಿಸಿ, 108ಕ್ಕೆ ಕರೆ ಮಾಡಿ, ತುರ್ತು ವಿಭಾಗ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ. ಉಸಿರಾಡಲು ಕಷ್ಟವಿದ್ದರೆ ಕೂರಿಸಿಯೇ ಕರೆದೊಯ್ಯಿರಿ. ಇಂಥವರನ್ನು ಮೆಡಿಕಲ್ ಶಾಪಿಗೆ ಕರೆತರಬೇಡಿ.

ನಮ್ಮ ಕಸುಬಿನವರ ಪಾಲು

ತಪ್ಪೆಲ್ಲ ಗಿರಾಕಿಯದಲ್ಲ. ಹಳೆಯ ತಲೆಮಾರಿನ ಆಂಟಿಹಿಸ್ಟಮಿನ್‌ಗಳು ಔಷಧ ನಿಯಮಗಳ ಷೆಡ್ಯೂಲ್ ಜಿ ಪಟ್ಟಿಯಲ್ಲಿವೆ. ವೈದ್ಯರ ನಿಗಾ ಇಲ್ಲದೆ ತೆಗೆದುಕೊಳ್ಳುವುದು ಅಪಾಯಕಾರಿ ಎಂಬ ಎಚ್ಚರಿಕೆ ಸ್ಟ್ರಿಪ್ಪಿನ ಮೇಲೇ ಅಚ್ಚಾಗಿರಬೇಕು. ಅಚ್ಚಾಗಿಯೂ ಇರುತ್ತದೆ, ಇಂಗ್ಲಿಷಿನಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣಗೆ. ಹತ್ತರ ಸ್ಟ್ರಿಪ್ಪಿನಲ್ಲಿ ಎರಡು ಕತ್ತರಿಸಿ ಕೊಡುವಾಗ ಆ ಎಚ್ಚರಿಕೆ, ಔಷಧದ ಹೆಸರು, ಅವಧಿ ಮುಗಿಯುವ ದಿನಾಂಕ ಎಲ್ಲ ನಮ್ಮ ಡಬ್ಬಿಯಲ್ಲೇ ಉಳಿದುಬಿಡುತ್ತದೆ. ಗಿರಾಕಿಯ ಕೈಗೆ ಹೋಗುವುದು ಹೆಸರಿಲ್ಲದ ಬೆಳ್ಳಿ ಬಣ್ಣದ ತುಂಡು. ಮೂರು ತಿಂಗಳ ನಂತರ ಅದು ಅಡುಗೆಮನೆ ಡಬ್ಬಿಯಲ್ಲಿ ಸಿಕ್ಕಾಗ ಅದು ಏನೆಂದು ಯಾರಿಗೆ ಗೊತ್ತು?

ಅದಕ್ಕೆ ನಾನು ಬಿಡಿ ಮಾತ್ರೆ ಕೊಟ್ಟಾಗ ಸಣ್ಣ ಕವರಿನ ಮೇಲೆ ಔಷಧದ ಹೆಸರು, ಪ್ರಮಾಣ, ಅವಧಿ ಬರೆಯುತ್ತೇನೆ. ನಿದ್ದೆ ತರಿಸುವಂಥದ್ದಾದರೆ "ಗಾಡಿ ಓಡಿಸಬೇಡಿ" ಎಂದು ಕನ್ನಡದಲ್ಲೇ ಬರೆಯುತ್ತೇನೆ. ಬರೆಯಲು ಅರ್ಧ ನಿಮಿಷವೂ ಬೇಡ. ನಿಮ್ಮ ಬಡಾವಣೆಯ ಅಂಗಡಿಯಲ್ಲೂ ಇದನ್ನು ಕೇಳಿ. ಇದು ಹಳೆಯದಾ, ಹೊಸದಾ? ನಿದ್ದೆ ಬರುತ್ತಾ? ನನ್ನ ಬಿಪಿ, ಶುಗರ್, ಪ್ರಾಸ್ಟೇಟ್ ಮಾತ್ರೆ ಜೊತೆ ಸರಿಹೋಗುತ್ತಾ? ಬಿಲ್ಲು ಕೊಡಿ. ಉತ್ತರಿಸಬೇಕಾದದ್ದು ಗಲ್ಲಾದ ಮುಂದೆ ಕೂತ ಹುಡುಗನಲ್ಲ, ಗೋಡೆಯ ಮೇಲೆ ಯಾರ ನೋಂದಣಿ ಪತ್ರ ತೂಗಿದೆಯೋ ಆ ಫಾರ್ಮಸಿಸ್ಟ್. ಅವರನ್ನೇ ಕರೆಸಿ ಕೇಳುವ ಹಕ್ಕು ಎರಡು ರೂಪಾಯಿ ಮಾತ್ರೆ ಕೊಳ್ಳುವವರಿಗೂ ಇದೆ.